ರಾಜ ಮಾಡಿದ ಗಡಿಗೆ

ಹಸಿ ಜೇಡಿಮಣ್ಣಿನ ವಾಸನೆ ಬಂದರೆ ಸಾಕು, ಉಣಕಲ್ಲಿನ ಶಾಲೆಯ ಆ ಮಧ್ಯಾಹ್ನ ಈಗಲೂ ಕಣ್ಣೆದುರು ಬರುತ್ತದೆ.

ಆಗ ನನಗೆ ಒಂಬತ್ತು ವರ್ಷ. ನಮ್ಮ ಕುಂಬಾರ ಓಣಿಯಿಂದ ಶಾಲೆಗೆ ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ. ಅಂದು ಮಾಸ್ತರರು ಪತ್ರಿಕೆಯಲ್ಲಿ ಬಂದ ಚಿತ್ರವೊಂದನ್ನು ತೋರಿಸಿದರು. ಸಿಂಧ್ ಪ್ರಾಂತದಲ್ಲಿ ನೆಲ ಅಗೆದಾಗ ಸಾವಿರಾರು ವರ್ಷ ಹಿಂದಿನ ಊರು ಸಿಕ್ಕಿತ್ತಂತೆ. ಚಿತ್ರದಲ್ಲಿ ಅಲ್ಲಿನ ಮಣ್ಣಿನ ಗಡಿಗೆಯಿತ್ತು.

"ಇದನ್ನೆಲ್ಲಾ ಯಾರು ಮಾಡಿದ್ರು?" ಎಂದು ಕೇಳಿದರು.

"ರಾಜಾ!" ಎಂದಿತು ಇಡೀ ವರ್ಗ.

ನಾನು ಎದ್ದು ನಿಂತೆ. "ಗಡಿಗಿ ಕುಂಬಾರ್ರು ಮಾಡ್ಯಾರ್ರಿ. ತಿಗರಿ ತಿರುಗುವಾಗ ಬೆರಳು ಒತ್ತಿದ ಗೆರಿ ಅದಾವ, ನೋಡ್ರಿ."

ಎಲ್ಲರೂ ನಕ್ಕರು. ಮಾಸ್ತರರ ಮುಖ ಬಿಗಿಯಿತು. "ರಾಜಾ ಅನ್ನು. ಇಲ್ಲಾಂದ್ರ ನಾಳಿಂದ ಸಾಲಿಗೆ ಬರಬ್ಯಾಡ."

ಅಂಗೈ ಮೇಲೆ ಕೋಲು ಬಿತ್ತು. ನಾನು ಅನ್ನಲಿಲ್ಲ. ಎರಡನೆಯ ಪೆಟ್ಟಿಗೂ ಅನ್ನಲಿಲ್ಲ.

ಶಾಲೆಗೆ ನೀರಿನ ಗಡಿಗೆ ಕೊಡಲು ಬಂದಿದ್ದ ನಮ್ಮಜ್ಜಿ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಗಡಿಗೆ ಕೆಳಗಿಟ್ಟು ಒಳಗೆ ಬಂದು ನನ್ನ ಅಂಗೈ ಹಿಡಿದಳು. ಅವಳ ಬೆರಳ ಸಂದಿಯಲ್ಲಿ ಮಣ್ಣು ಇನ್ನೂ ಹಸಿಯಾಗಿತ್ತು. ಮಾಸ್ತರರ ಎದುರು ಎಂದೂ ತಲೆಯೆತ್ತದ ಅಜ್ಜಿ, ಅಂದು ಸೆರಗನ್ನೂ ಸರಿಪಡಿಸಿಕೊಳ್ಳಲಿಲ್ಲ.

"ಹುಡುಗಿ ನಾಳಿನೂ ಬರ್ತಾಳ, ನಾಡಿದ್ದೂ ಬರ್ತಾಳ್ರಿ," ಎಂದಳು.

ಮಾಸ್ತರರು ಬಾಯಿ ತೆರೆಯುವ ಮೊದಲೇ, ತಂದಿದ್ದ ಗಡಿಗೆಯನ್ನು ಎತ್ತಿ ಮತ್ತೆ ತಲೆಯ ಮೇಲಿಟ್ಟುಕೊಂಡಳು.

"ನೀರಿಗೆ ಗಡಿಗಿ ಬೇಕಾದ್ರ ಆ ರಾಜಾಗ ಹೇಳಿ ಮಾಡಿಸ್ಕೋರಿ."