ಮನೆಗೊಂದೇ ಅಕೌಂಟ್

ನಾಲ್ಕನೆಯ ಹುಕ್ಕು ಹೊಲಿಯುತ್ತಿದ್ದಾಗ ಸೂಜಿ ಬೆರಳಿಗೆ ಚುಚ್ಚಿತು. ಆದರೂ ತುಂಗಾ ಫೋನಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಬೆಳಗ್ಗಿನಿಂದ ಅದು ತಾನಾಗಿಯೇ ಅಪ್‌ಡೇಟ್ ಆಗುತ್ತಿತ್ತು. ಈಗ ಬೆಳಕು ಬಂತು. ಬಂದದ್ದು ಬೆಳಕು ಮಾತ್ರ. ಮೇಲ್ ಖಾಲಿ. ನಂಬರುಗಳ ಪಟ್ಟಿ ಖಾಲಿ. ‘ಲೈನಿಂಗ್ ಬಟ್ಟೆ’ ಎಂದು ಬರೆದಿಟ್ಟುಕೊಂಡಿದ್ದ ನಂಬರೂ ಇಲ್ಲ.

ಅದು ಬಟ್ಟೆಯಂಗಡಿಯ ನಂಬರಲ್ಲ, ಶಿವಮೊಗ್ಗದ ಒಂದು ಲ್ಯಾಬಿನದು. ಹತ್ತು ದಿನದ ಹಿಂದೆ ಲೈನಿಂಗ್ ತರುವ ನೆಪದಲ್ಲಿ ಬಸ್ಸು ಹತ್ತಿ, ಬಲಗಂಕುಳಿನ ಗಂಟಿಗೆ ಸೂಜಿ ಚುಚ್ಚಿಸಿಕೊಂಡು ಬಂದಿದ್ದಳು. ಗಂಡನಿಗೆ ಹೇಳಿರಲಿಲ್ಲ. ರಘುಪತಿ ಹರಿಹರಪುರದ ಹೈಸ್ಕೂಲಿನಲ್ಲಿ ಮೇಷ್ಟ್ರು. ಅವತ್ತು ಅವನು ಅಂದದ್ದು ಇಷ್ಟೇ: “ಹೋದ ವಾರ ಟ್ರೈನಿಂಗ್ ಅಂತ ನಾನೇ ಶಿವಮೊಗ್ಗಕ್ಕೆ ಹೋಗಿದ್ನಲ್ಲ ಮಾರಾಯ್ತಿ, ಹೇಳಿದ್ರೆ ತರ್ತಿರ್ಲಿಲ್ವಾ?”

ಹತ್ತು ದಿನಕ್ಕೆ ರಿಪೋರ್ಟು ಮೇಲ್‌ಗೆ ಬರುತ್ತದೆ ಎಂದಿದ್ದರು. ಇವತ್ತಿಗೆ ಹತ್ತು.

ಬ್ಲೌಸನ್ನು ಪಕ್ಕಕ್ಕಿಟ್ಟಳು. ಸಡಿಲವಾಗಿದೆ, ಸೊಂಟ ಹಿಡಿ ಎಂದು ರಘುಪತಿ ಕೊಟ್ಟಿದ್ದ ಪ್ಯಾಂಟು ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಅದನ್ನೂ ಸರಿಸಿ, ಚಪ್ಪಲಿ ಮೆಟ್ಟಿ ಹೊರಟಳು.

ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು ಯೋಗೇಶನ ಮೊಬೈಲ್ ಅಂಗಡಿ.

“ಗಿರಾಕಿಗಳ ನಂಬರೆಲ್ಲ ಹೋಯ್ತು ಕಣೋ. ಶೆಟ್ಟಿಕೊಪ್ಪದ ಮದುವೆ ಬ್ಲೌಸಿದೆ, ಯಾರಿಗೆ ಅಂತ ಫೋನ್ ಮಾಡ್ಲಿ?”

“ಎಂತ ಹೆದರ್ತೀರಕ್ಕ? ಎಲ್ಲೂ ಹೋಗಿರಲ್ಲ. ಅಪ್‌ಡೇಟ್ ಆಗುವಾಗ ಅಕೌಂಟ್ ಕಳಚಿಕೊಂಡಿದೆ, ಅಷ್ಟೆ. ಪಾಸ್‌ವರ್ಡ್ ಹೇಳಿ.”

“ಅದು ನಿಂಗೇ ಗೊತ್ತಲ್ವಾ?”

ಗೊತ್ತಿತ್ತು. ಊರಿನ ಅರ್ಧ ಮನೆಗಳಿಗೆ ಅಕೌಂಟ್ ಮಾಡಿಕೊಟ್ಟವನು ಅವನೇ. ಕೌಂಟರಿನ ಕೆಳಗಿಂದ ಉದ್ದನೆಯ ನೋಟ್‌ಬುಕ್ ತೆಗೆದು ಬೆರಳಾಡಿಸಿದ.

“ಸಿಕ್ತು. ರಘುಪತಿ ಸರ್ ಮನೆ. ಅವರ ಫೋನಿಗೂ ನಿಮ್ದಕ್ಕೂ ಒಂದೇ. ನೀವೇ ಹೇಳಿದ್ರಲ್ಲ, ಮನೆಗೊಂದೇ ಒಲೆ ಇರುವಾಗ ಅಕೌಂಟ್ ಎರಡ್ಯಾಕೆ ಅಂತ!”

ಹೇಳಿದ್ದಳು. ಐದು ವರ್ಷದ ಹಿಂದೆ, ನಗುತ್ತ. ಆಮೇಲೆ ಮರೆತೂಬಿಟ್ಟಿದ್ದಳು.

“ಅಂದ್ರೆ ನಂಗೆ ಬಂದ ಮೇಲು ಅವರ ಫೋನಲ್ಲೂ...”

“ಕಾಣುತ್ತೆ ಮತ್ತೆ. ಯಾಕಕ್ಕ, ಗುಟ್ಟೆಂತಾದ್ರೂ ಇತ್ತಾ?” ಯೋಗೇಶ ನಕ್ಕ.

ತುಂಗಾ ಸ್ಟೂಲು ಎಳೆದುಕೊಂಡು ಕೂತಳು.

ಮೂವತ್ತು ವರ್ಷ ಬಾಯಿಂದ ಬಿಡದ ಎಲೆಯಡಿಕೆಯನ್ನು ರಘುಪತಿ ಹೋದ ವಾರ ಇದ್ದಕ್ಕಿದ್ದಂತೆ ಬಿಟ್ಟಿದ್ದ. ಕೇಳಿದರೆ “ಹರಕೆ” ಎಂದಿದ್ದ. ಯಾರಿಗಾಗಿ ಎಂದು ಹೇಳಲಿಲ್ಲ. ಭಾನುವಾರ, ಹಬ್ಬವಿಲ್ಲ ಹರಿದಿನವಿಲ್ಲ, ಅವಳನ್ನು ಶೃಂಗೇರಿಗೆ ಕರೆದೊಯ್ದು ಶಾರದೆಯ ಮುಂದೆ ಬಹಳ ಹೊತ್ತು ಕೈಮುಗಿದು ನಿಂತಿದ್ದ. ಹೊಳೆಯ ಮೆಟ್ಟಿಲಲ್ಲಿ ಕೂತು, “ನೀನು ಕಾರು ಕಲೀಬೇಕು ತುಂಗಾ” ಎಂದಿದ್ದ. ಇಷ್ಟು ವರ್ಷ ಸ್ಟೇರಿಂಗ್ ಮುಟ್ಟಲು ಬಿಡದವನು! ಊಟಕ್ಕೆ ಕೂತರೆ ಅರ್ಧ ಅನ್ನ ತಟ್ಟೆಯಲ್ಲೇ.

ಇವರಿಗೆ ಗೊತ್ತಾಗಿದೆ. ನನ್ನ ಮನಸ್ಸು ಬೇರೆ ಕಡೆ ಇರಲಿ ಅಂತ ಕಾರು. ನನ್ನ ಮುಖ ನೋಡಿ ಅನ್ನ ಇಳಿಯುತ್ತಿಲ್ಲ. ನನಗಾಗಿ ಹರಕೆ. ಹಾಗೆ ಯೋಚಿಸುತ್ತ ಯೋಗೇಶನ ಕೈಯಲ್ಲಿದ್ದ ಫೋನನ್ನೇ ನೋಡುತ್ತಿದ್ದಳು.

“ಬಂತು ನೋಡಿ!” ಎಂದ ಯೋಗೇಶ. ನಂಬರುಗಳು ಒಂದೊಂದಾಗಿ ಇಳಿಯುತ್ತಿದ್ದವು. ‘ಲೈನಿಂಗ್ ಬಟ್ಟೆ’ಯೂ ಬಂತು. ಹಳೆಯ ಮೇಲ್‌ಗಳೂ ಬಂದವು. ಲ್ಯಾಬಿನದು ಮಾತ್ರ ಇರಲಿಲ್ಲ.

“ಬೇಕಾದ್ದು ಇಲ್ವಾ? ಟ್ರ್ಯಾಶಲ್ಲಿ ನೋಡಿ. ಡಿಲೀಟ್ ಮಾಡಿದ್ದು ಒಂದು ತಿಂಗಳು ಅಲ್ಲೇ ಬಿದ್ದಿರುತ್ತೆ. ಹೊಸದು ಇನ್ನೂ ಇಳೀತಾ ಇದೆ, ಸ್ವಲ್ಪ ತಡೀರಿ.”

ಫೋನನ್ನು ಅವನಿಗೆ ಕಾಣದಂತೆ ತಿರುಗಿಸಿಕೊಂಡಳು. ಟ್ರ್ಯಾಶಿನಲ್ಲಿ ಒಂದೇ ಒಂದು ಮೇಲ್. ಲ್ಯಾಬಿನದೇ. ಎಂಟು ದಿನದ ಹಿಂದೆ ಬಂದದ್ದು. ಅವಳು ನೋಡಿಯೇ ಇರಲಿಲ್ಲ. ಯಾರೋ ಓದಿ ಬಿಸಾಕಿದ್ದರು. ಒಳ್ಳೆಯ ಸುದ್ದಿಯನ್ನು ಯಾರು ಬಿಸಾಕುತ್ತಾರೆ?

ತೆರೆದಳು. ಎಲ್ಲ ಇಂಗ್ಲಿಷು. ಹೆದರಿದ ಬೆರಳು ಮೇಲಿನದ್ದನ್ನೆಲ್ಲ ಹಾರಿಸಿ ಸೀದಾ ಕೊನೆಯ ಸಾಲಿಗೆ ಹೋಯಿತು. ಅಲ್ಲಿದ್ದ ಒಂದು ಪದ ಅವಳಿಗೆ ಗೊತ್ತಿತ್ತು. ನರಸಿಂಹರಾಜಪುರದ ಗಿರಾಕಿಯೊಬ್ಬರ ಫೈಲಿನಲ್ಲಿ ಅದನ್ನು ನೋಡಿದ್ದಳು. ಅವರ ಬ್ಲೌಸನ್ನು ತಿಂಗಳು ತಿಂಗಳೂ ಸಣ್ಣದು ಮಾಡಿಕೊಟ್ಟಿದ್ದಳು. ಆಮೇಲೆ ಅವರು ಬರಲೇ ಇಲ್ಲ.

ಬಸ್ಸೊಂದು ಹಾರ್ನ್ ಹೊಡೆಯಿತು. ಶೃಂಗೇರಿ, ಶೃಂಗೇರಿ ಎಂದು ಕಂಡಕ್ಟರು ಕೂಗುತ್ತಿದ್ದ. ಯಾವುದೂ ತನಗೆ ಸಂಬಂಧಿಸಿದ್ದಲ್ಲ ಎಂಬಂತೆ ತುಂಗಾ ಕೂತಿದ್ದಳು. ಮದುವೆ ಬ್ಲೌಸಿಗೆ ಇನ್ನೆರಡು ಹುಕ್ಕು ಬಾಕಿ ಎಂಬುದಷ್ಟೇ ತಲೆಯಲ್ಲಿ ಸುತ್ತುತ್ತಿತ್ತು.

ಕೈಯಲ್ಲಿದ್ದ ಫೋನು ಸದ್ದು ಮಾಡಿತು. ಹೊಸ ಮೇಲ್. ಅದೇ ಲ್ಯಾಬು, ಇವತ್ತಿನ ತಾರೀಖು.

ಈ ಸಲ ಮೇಲಿನಿಂದ ಓದಿದಳು. ತುಂಗಾ. ಹೆಣ್ಣು. ನಲವತ್ತೇಳು ವರ್ಷ. ಬಲಗಂಕುಳಿನ ಗಂಟು. ಕೊನೆಯ ಸಾಲಿನಲ್ಲಿ ಆ ಪದ ಇರಲಿಲ್ಲ; ಅಪಾಯದ್ದೇನೂ ಇಲ್ಲ ಎಂಬಷ್ಟು ತಿಳಿಯಿತು.

ಉಸಿರು ಬಿಟ್ಟಳು. ಬಿಟ್ಟ ಉಸಿರು ಅರ್ಧದಲ್ಲೇ ನಿಂತಿತು. ಹಾಗಾದರೆ ಇನ್ನೊಂದು?

ಟ್ರ್ಯಾಶಿಗೆ ಹೋಗಿ, ತಾನು ಹಾರಿಸಿದ್ದ ಮೊದಲ ಸಾಲಿಗೆ ಬಂದಳು. ರಘುಪತಿ. ಗಂಡು. ಐವತ್ತನಾಲ್ಕು ವರ್ಷ. ಎಡಗೆನ್ನೆಯ ಒಳಭಾಗ.

“ಸಿಕ್ತಾ ಅಕ್ಕ?” ಎಂದ ಯೋಗೇಶ.

“ಸಿಕ್ತು. ಒಂದನ್ನ ಪೂರ್ತಿ ಅಳಿಸ್ಬೇಕು, ಎಲ್ಲೂ ಉಳೀಬಾರ್ದು. ಇನ್ನೊಂದು ಎಲ್ಲಿತ್ತೋ ಅಲ್ಲೇ ಇರ್ಬೇಕು, ನಾನು ನೋಡಿದ್ದು ಗೊತ್ತಾಗ್ಬಾರ್ದು.”

ಅವನು ಹೇಳಿಕೊಟ್ಟ. ಅವಳು ತನ್ನ ರಿಪೋರ್ಟನ್ನು ಅಳಿಸಿ, ಗಂಡನದನ್ನು ಟ್ರ್ಯಾಶಿನಲ್ಲೇ ಬಿಟ್ಟಳು.

ಮನೆಗೆ ಬಂದು ಮೊದಲು ರಘುಪತಿಯ ಪ್ಯಾಂಟನ್ನು ಎತ್ತಿಕೊಂಡಳು. ಅವನು ಕೇಳಿದಷ್ಟೇ ಸೊಂಟ ಹಿಡಿದಳು. ಹೆಚ್ಚಾದ ಬಟ್ಟೆಗೆ ಮಾತ್ರ ಕತ್ತರಿ ಹಾಕಲಿಲ್ಲ. ಮುಂದೆ ಬಿಚ್ಚಿ ಮತ್ತೆ ಅಗಲ ಮಾಡಲು ಬರುವಂತೆ, ಒಳಗೇ ಮಡಚಿ ಹೊಲಿದಳು.