ಹಗೇವಿಗೆ ಬಿಟ್ಟ ಕಂದೀಲು

ಗೋದಾಮು ನೋಡಲು ಹೋದಾಗ ಮುಗ್ಗಿದ ಜೋಳದ ವಾಸನೆ ಬಂದರೆ, ಬಾಡಿಗೆ ಕೇಳುವ ಮೊದಲು ನಾನು ಕಿಟಕಿ ತೆಗೆಸುತ್ತೇನೆ. ನೀವೂ ಹಾಗೇ ಮಾಡಿ.

ನಾನಿನ್ನೂ ಚಿಕ್ಕವಳು; ನಮ್ಮ ದೇಶದವನೊಬ್ಬ ಬಾಹ್ಯಾಕಾಶಕ್ಕೆ ಹೋದನೆಂದು ರೇಡಿಯೊ ಹೇಳಿದ ವಾರ ಅದು. ಹರ್ತಿ ಊರಿನ ನಮ್ಮ ಅಂಗಳದಲ್ಲಿ, ನೆಲದಡಿ ಜೋಳ ತುಂಬಿಡುವ ಹಗೇವು ಆಗಷ್ಟೇ ಬರಿದಾಗಿತ್ತು. ಅದೇ ನಮ್ಮ ರಾಕೆಟ್. ಮೊದಲು ಹೋಗುವ ಸರದಿಯನ್ನು ಅಕ್ಕನಿಗೆ ನನ್ನ ನಾಲ್ಕು ಬಳೆ ಕೊಟ್ಟು ಗಿಟ್ಟಿಸಿಕೊಂಡೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದೆ.

"ರಾಕೆಟ್ಟಿನ ಬಾಗಲಾ ತೆರದಿರತೈತೇನಲೇ?" ಎಂದು ಅಕ್ಕ ಮೇಲೆ ಹಲಗೆ ಎಳೆದಳು.

ಕತ್ತಲಲ್ಲಿ ಮುಗ್ಗಿದ ಜೋಳದ ವಾಸನೆ ಅಡರಿತು; ಗೋಡೆಗೆ ಹೊದಿಸಿದ್ದ ಹುಲ್ಲು ಬೆನ್ನಿಗೆ ಚುಚ್ಚಿತು. ಎಷ್ಟು ಎಳೆದರೂ ಉಸಿರು ಸಾಲಲಿಲ್ಲ. ಕೂಗಿದರೆ ದನಿ ನನಗೇ ತಿರುಗಿ ಬಂತು.

ನನ್ನ ಕೂಗು ನಿಂತಾಗ ಅಕ್ಕ ಹೆದರಿ ಅಜ್ಜಿಯನ್ನು ಕರೆತಂದಳು. ಇಬ್ಬರೂ ಹಗ್ಗ ಹಿಡಿದು ನನ್ನನ್ನು ಮೇಲೆಳೆದರು.

"ಮ್ಯಾಲ ಹೋದಾವ ಗಾಳೀನೂ ಸಂಗಾಟ ಕಟಗೊಂಡ ಹೋಗ್ಯಾನ. ನೀ ಏನ್ ಒಯ್ದಿದ್ದಿ?" ಎಂದಳು ಅಜ್ಜಿ.

"ರೊಟ್ಟಿ," ಎಂದೆ.

ಅವಳು ನಗಲಿಲ್ಲ. ಹಗೇವಿಗೆ ಇಳಿಯುವ ಮುನ್ನ ದೊಡ್ಡವರು ಮಾಡುವಂತೆ, ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಒಳಗೆ ಇಳಿಬಿಟ್ಟಳು. ನಾನು ಕುಳಿತಿದ್ದ ಜಾಗ ಮುಟ್ಟುವ ಮೊದಲೇ ದೀಪ ಆರಿತು.

ಅಕ್ಕ ನಾಲ್ಕೂ ಬಳೆಗಳನ್ನು ತೆಗೆದು ನನ್ನ ಕೈಗೆ ತೊಡಿಸಿದಳು.