ಕಿವಿಯಿಂದ ನೆತ್ತಿಗೆ

"ಕೂದಲು ಕೆಡುತ್ತೆ ಅಕ್ಕಾ, ಈಗಷ್ಟೇ ಜೆಲ್ ಹಾಕ್ಕೊಂಡು ಬಂದಿದ್ದೀನಿ," ಎಂದ ತಮ್ಮ, ಹೆಲ್ಮೆಟನ್ನು ಪೆಟ್ರೋಲ್ ಟ್ಯಾಂಕಿನ ಮೇಲೇ ಇಟ್ಟುಕೊಂಡು, ಬೈಕನ್ನು ಬಸ್ಸು ಲಾರಿಗಳ ಸಂದಿಯಲ್ಲಿ ನುಗ್ಗಿಸಿದ. ಆಸ್ಪತ್ರೆಯ ಪಾಳಿ ಮುಗಿಸಿ ಹಿಂದೆ ಕೂತಿದ್ದ ನರ್ಸ್ ಅಕ್ಕ ತನ್ನ ಹೆಲ್ಮೆಟ್ಟಿನೊಳಗೆ ಬೆವರುತ್ತಿದ್ದಳು. ಅವಳ ಜೀವ ಬಾಯಿಗೆ ಬಂದಿತ್ತು. ಒಂದೊಂದು ಹಾರ್ನಿಗೂ ಅವಳ ಬೆರಳುಗಳು ಅವನ ಅಂಗಿಯನ್ನು ಹಿಂಡುತ್ತಿದ್ದವು. "ನಿಧಾನ ಕಣೋ," ಎಂದರೆ ಅವನು, "ನೀನೊಬ್ಬಳು ಪುಕ್ಕಲು," ಎಂದು ನಕ್ಕ.

ಸಿಗ್ನಲ್ಲಿನಲ್ಲಿ ಬೈಕು ನಿಂತಿತು. ಅವಳು ತಡೆಯಲಾರದೆ ಕೈ ಚಾಚಿ, ಅವನ ಕಿವಿಯ ಮೇಲಿಂದ ನೆತ್ತಿಯವರೆಗೆ ತೋರುಬೆರಳಿನಿಂದ ನಿಧಾನವಾಗಿ ಒಂದು ಗೆರೆ ಎಳೆದಳು.

"ಏನಕ್ಕಾ, ಕಚಗುಳಿ ಆಗ್ತಿದೆ!"

"ಆಪರೇಷನ್‌ಗೆ ಮುಂಚೆ ಇಲ್ಲಿಂದ ಇಲ್ಲಿವರೆಗೆ ಬೋಳಿಸ್ತೀವಿ. ನಮ್ಮ ವಾರ್ಡಲ್ಲಿ ಅದು ನನ್ನ ಕೆಲಸ."

ಅವನ ನಗು ಅಲ್ಲೇ ನಿಂತಿತು. ಹಸಿರು ದೀಪ ಹತ್ತಿತು, ಹಿಂದಿನವರು ಒಂದೇ ಸಮನೆ ಹಾರ್ನ್ ಹೊಡೆಯತೊಡಗಿದರು. ಅವನು ಬೈಕನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿ, ಹೆಲ್ಮೆಟ್ ಎತ್ತಿ ತಲೆಗೆ ಹಾಕಿಕೊಂಡ. ಎಷ್ಟು ತಡಕಾಡಿದರೂ ಬೆಲ್ಟು ಸಿಕ್ಕಿಕೊಳ್ಳಲಿಲ್ಲ. ಕೊನೆಗೆ ಅಕ್ಕನೇ ಇಳಿದು ಬಂದು, ಅವನ ಗದ್ದದ ಕೆಳಗೆ ಕೈಹಾಕಿ ಕ್ಲಿಪ್ ಒತ್ತಿದಳು.

"ಇವತ್ತು ಯಾರಿಗಾದ್ರೂ ಬೋಳಿಸಿದ್ಯಾ?"

"ಹೂಂ. ನಿನ್ನ ವಯಸ್ಸಿನವನೇ."

"ಈಗ ಹೇಗಿದ್ದಾನೆ?"

ಅವಳು ಬೆಲ್ಟು ಗಟ್ಟಿಯಾಗಿದೆಯೇ ಎಂದು ಇನ್ನೊಮ್ಮೆ ಎಳೆದು ನೋಡಿದಳು.